ಹೊರಟ ಮೇಲೆ ತಿರುಗಿ ನೋಡುವ ಹಾಗಿಲ್ಲ

ಐನೂರು ವರ್ಷದ ಹಿಂದೆ ಮೆಕ್ಸಿಕೋದಲ್ಲಿ ಆಳಿದ ಅಜ್ಟೆಕರು ಅಂದರೆ ಸಾಮಾನ್ಯವಾಗಿ ನೆನಪಾಗುವುದು ಪಿರಮಿಡ್ಡು, ನರಬಲಿ, ಆಮೇಲೆ ಅವರನ್ನು ಸೋಲಿಸಿದ ಸ್ಪೇನಿನ ಕೊರ್ಟೆಸ್. ನನ್ನ ಕಣ್ಣು ಹೋಗಿದ್ದು ಅವರ ಸಾಗಣೆಯ ಮೇಲೆ. ದಾವಣಗೆರೆಯ ಲಾರಿ ಆಫೀಸೊಂದರಲ್ಲಿ ಬಿಲ್ಟಿ, ಅಂದರೆ ಸಾಗಿಸುವ ಮಾಲಿನ ರಸೀದಿ, ಬರೆಯುತ್ತಲೇ ತಲೆ ಹಣ್ಣಾದವನು ನಾನು. ಯಾವ ರಾಜ್ಯದ ಕಥೆ ಓದಿದರೂ ಮಾಲು ಯಾರದು, ಹೊತ್ತವರು ಯಾರು, ದಾರಿಯಲ್ಲಿ ಹೋದರೆ ನಷ್ಟ ಯಾರ ತಲೆಗೆ ಅಂತಲೇ ಮೊದಲು ಯೋಚನೆ ಬರುತ್ತದೆ. ರಾಜನ ವಂಶಾವಳಿ ಆಮೇಲೆ.

ಇದಕ್ಕೆಲ್ಲ ಉತ್ತರ ಸಿಗುವ ಒಂದು ಪುಸ್ತಕ ಇದೆ. ಬೆರ್ನಾರ್ದಿನೋ ದೆ ಸಹಗುನ್ ಅನ್ನುವ ಪಾದ್ರಿ 1529ರಲ್ಲಿ ಸ್ಪೇನಿನಿಂದ ಮೆಕ್ಸಿಕೋಗೆ ಬಂದ. ಅಲ್ಲಿನ ಹಿರಿಯರನ್ನು ಕೂರಿಸಿಕೊಂಡು, ಓದುಬರಹ ಕಲಿತ ಅಲ್ಲಿನ ಹುಡುಗರ ಕೈಯಲ್ಲೇ ಅವರ ನಹುವಾತ್ಲ್ ಭಾಷೆಯಲ್ಲೇ ಎಲ್ಲ ಬರೆಸಿದ. ಒಟ್ಟು 12 ಭಾಗ, ಸುಮಾರು 1577ರ ಹೊತ್ತಿಗೆ ಮುಗಿಯಿತು. ಮೂಲ ಪ್ರತಿ ಇಟಲಿಯ ಫ್ಲಾರೆನ್ಸಿನಲ್ಲಿದೆ. 2023ರಲ್ಲಿ ಅಮೆರಿಕದ ಗೆಟ್ಟಿ ಸಂಸ್ಥೆ ಅದನ್ನು ಚಿತ್ರಗಳ ಸಮೇತ ಇಂಟರ್ನೆಟ್ಟಿನಲ್ಲಿ ಇಟ್ಟಿತು. ಒಂಬತ್ತನೇ ಭಾಗ ಪೂರ್ತಿ ವ್ಯಾಪಾರಿಗಳದು ಮತ್ತು ಕುಶಲಕರ್ಮಿಗಳದು. ನಾನು ಅದಕ್ಕೇ ಅಂಟಿಕೊಂಡಿದ್ದೇನೆ. ಬೇರೆ ಭಾಗಗಳನ್ನು ಸುಮ್ನೆ ತಿರುವಿ ಹಾಕಿದೆ ಅಷ್ಟೇ.

ಆ ವ್ಯಾಪಾರಿಗಳ ಹೆಸರು ಪೊಚ್ತೇಕ. ಈಗಿನ ಮೆಕ್ಸಿಕೋ ಸಿಟಿ ಇರುವ ಜಾಗದಲ್ಲಿ ಆಗ ಸರೋವರ. ಅದರ ನಡುವೆ ಅಜ್ಟೆಕರ ರಾಜಧಾನಿ ತೆನೋಚ್‌ತಿತ್ಲಾನ್, ಅದಕ್ಕೆ ಅಂಟಿಕೊಂಡೇ ತ್ಲಾತೆಲೋಲ್ಕೊ. ದೊಡ್ಡ ಸಂತೆ ಇದ್ದದ್ದು ತ್ಲಾತೆಲೋಲ್ಕೊದಲ್ಲಿ. ಪೊಚ್ತೇಕರು ಅಲ್ಲಿಂದ ಹೊರಟು ದಕ್ಷಿಣದ ಸಮುದ್ರತೀರದವರೆಗೆ, ಈಗಿನ ಗ್ವಾಟೆಮಾಲಾ ಗಡಿಯ ಹತ್ತಿರದವರೆಗೆ ಹೋಗುತ್ತಿದ್ದರು. 800 ಕಿಲೋಮೀಟರಿಗಿಂತ ಜಾಸ್ತಿ. ಎತ್ತಿಲ್ಲ, ಕತ್ತೆಯಿಲ್ಲ, ಕುದುರೆಯಿಲ್ಲ, ಗಾಡಿಯಂತೂ ಇಲ್ಲವೇ ಇಲ್ಲ. ದೋಣಿ ಸಾಗುವಷ್ಟು ದೂರ ದೋಣಿ, ಆಮೇಲೆ ಬೆನ್ನು. ಹೊರೆ ಹೊರುವವರನ್ನು ತ್ಲಮೇಮೆ ಅನ್ನುತ್ತಿದ್ದರು. ಹಣೆಗೆ ಪಟ್ಟಿ ಕಟ್ಟಿ, ಅದರ ಬಲದಲ್ಲಿ ಬೆನ್ನ ಮೇಲೆ ಹೊರೆ ನಿಲ್ಲಿಸುತ್ತಿದ್ದರು. ಒಬ್ಬನ ಹೊರೆ ಎರಡು ಅರೋಬಾ, ಅಂದರೆ 23 ಕೆ.ಜಿ. ಆಸುಪಾಸು ಅಂತ ಕೊರ್ಟೆಸ್ ಜೊತೆ ಬಂದಿದ್ದ ಬೆರ್ನಾಲ್ ದಿಯಾಸ್ ಬರೆದಿದ್ದಾನೆ. ಒಂದು ಲಾರಿಗೆ ಹತ್ತು ಟನ್ ಅಂತ ಹಿಡಿಯಿರಿ. ಅಷ್ಟು ಮಾಲಿಗೆ ನಾನೂರಕ್ಕೂ ಹೆಚ್ಚು ಜನ ಬೇಕು. ಅವರ ಊಟ ಬೇರೆ!

ಹಾಗಾಗಿ ಬೆಲೆ ಜಾಸ್ತಿ, ತೂಕ ಕಮ್ಮಿ ಇರುವುದನ್ನೇ ಒಯ್ಯುತ್ತಿದ್ದರು. ಅಬ್ಸಿಡಿಯನ್ ಗಾಜುಕಲ್ಲಿನ ಅಲಗು, ಸೂಜಿ, ಮೊಲದ ತುಪ್ಪಳದ ನೂಲು, ಕೆಂಪು ಬಣ್ಣ ಕೊಡುವ ಕೊಚಿನೀಲ್ ಹುಳ, ಪಟಿಕ. ವಾಪಸ್ ಬರುವಾಗ ಕ್ವೆತ್ಸಾಲ್ ಹಕ್ಕಿಯ ಉದ್ದ ಹಸಿರು ಗರಿ, ಹಸಿರು ಕಲ್ಲು, ಜಾಗ್ವಾರ್ ಚರ್ಮ. ರಾಜನ ಮಾಲೂ ಇವರ ಜೊತೆಗೇ ಹೋಗುತ್ತಿತ್ತು. ಅಹುಇತ್ಸೋತ್ಲ್ ಅನ್ನುವ ರಾಜ 1600 ಹತ್ತಿ ಹೊದಿಕೆಗಳನ್ನು ಕೊಟ್ಟು ಕಳಿಸುತ್ತಿದ್ದ. ಅದನ್ನು ಎರಡೂ ಊರಿನ ವ್ಯಾಪಾರಿಗಳು ತಲಾ 800 ಅಂತ ಹಂಚಿಕೊಳ್ಳುತ್ತಿದ್ದರು. ಊರಲ್ಲೇ ಉಳಿಯುವ ಮುದುಕರು ಮತ್ತು ವ್ಯಾಪಾರಿ ಹೆಂಗಸರು ಕೂಡ ತಮ್ಮ ಮಾಲನ್ನು ಹೊರಟವರ ಕೈಗೆ ಒಪ್ಪಿಸುತ್ತಿದ್ದರು. ರಸೀದಿ ಇಲ್ಲ, ನಂಬಿಕೆ ಒಂದೇ. ಬಿಲ್ಟಿ ಬರೆದವನಿಗೆ ಇದು ಅರಗಿಸಿಕೊಳ್ಳುವುದು ಸ್ವಲ್ಪ ಕಷ್ಟ.

ನಾನು ಹೇಳಬೇಕು ಅಂತ ಕೂತದ್ದು ಅಪಾಯದ ವಿಷಯ. ಈ ಜನ ಒಬ್ಬರನ್ನೊಬ್ಬರು ಹೇಗೆ ಕಾಯ್ದುಕೊಂಡರು ಅನ್ನುವುದು.

ಮೊದಲು ಒಳ್ಳೆಯ ದಿನ ನೋಡುತ್ತಿದ್ದರು. ಅವರ ಪಂಚಾಂಗದ "ಒಂದು ಹಾವು" ಅನ್ನುವ ದಿನ ಅವರಿಗೆ ಬಹಳ ಪ್ರಶಸ್ತ. ಹೊರಡುವ ಮುಂಚೆ ತಲೆಗೂದಲು ಕತ್ತರಿಸಿ, ತಲೆ ತೊಳೆದುಕೊಳ್ಳುತ್ತಿದ್ದರು. ಅದೇ ಕೊನೆ. ತಿರುಗಿ ಬರುವವರೆಗೆ ತಲೆಗೆ ನೀರಿಲ್ಲ, ಕುತ್ತಿಗೆವರೆಗೆ ಮಾತ್ರ. ಮನೆಯಲ್ಲಿ ಉಳಿದವರೂ ಅಷ್ಟೇ, ತಲೆ ತೊಳೆಯುತ್ತಿದ್ದುದು 80 ದಿನಕ್ಕೊಮ್ಮೆ. ನನಗೆ ಬಹಳ ಹಿಡಿಸಿದ್ದು ಇದು. ದೂರ ಹೋದವನಿಗಾಗಿ ಮನೆಯವರು ಏನೂ ಮಾಡಲು ಆಗುವುದಿಲ್ಲ. ಫೋನಿಲ್ಲ, ಪತ್ರವಿಲ್ಲ. ಆದರೂ ತಲೆ ತುರಿಸಿದಾಗಲೆಲ್ಲ ಅವನ ನೆನಪು ಬಂದೇ ಬರುತ್ತದೆ, ಅಲ್ವಾ?

ಮೊದಲ ಸಲ ಹೊರಟ ಹುಡುಗರನ್ನು ಅಪ್ಪ ಅಮ್ಮ ಹಿರಿಯ ವ್ಯಾಪಾರಿಯ ಕೈಗೆ ಒಪ್ಪಿಸುತ್ತಿದ್ದರು. ಮುದುಕರು ಅವನನ್ನು ಕೂರಿಸಿಕೊಂಡು ಹೇಳುವುದರಲ್ಲಿ ಸಿಹಿಮಾತು ಕಮ್ಮಿ. ಬಿಸಿಲು, ಗಾಳಿ, ಹಸಿವು, ಒಣಗಿದ ರೊಟ್ಟಿ ಕಾದಿವೆ, ಸತ್ತರೂ ಸಾಯಬಹುದು. ಮಾಲನ್ನೆಲ್ಲ ಒಬ್ಬ ನಾಯಕನ ಮನೆಯಲ್ಲಿ ಒಟ್ಟು ಮಾಡಿ, ಕತ್ತಲಾದ ಮೇಲೆ ದೋಣಿಗೆ ತುಂಬುತ್ತಿದ್ದರು. ಒಬ್ಬೊಬ್ಬರೂ ಬೆಂಕಿಗೆ ಧೂಪ ಹಾಕಿ ಸೀದಾ ಹೊರಟುಬಿಡಬೇಕು. ಹೆಂಗಸರಿರುವ ಕಡೆ ಹೋಗುವ ಹಾಗಿಲ್ಲ, ತಿರುಗಿ ನೋಡುವ ಹಾಗಿಲ್ಲ. ಏನೋ ಮರೆತು ಬಂದೆ ಅಂದರೂ ವಾಪಸ್ ಹೋಗುವ ಹಾಗಿಲ್ಲ. ಯಾರೂ ಹಿಂದೆ ಓಡಿ ಬಂದು ಕೊಡುವ ಹಾಗೂ ಇಲ್ಲ. ಅಪಶಕುನ ಅಂತ ಅವರ ಲೆಕ್ಕ. ನನ್ನ ಲೆಕ್ಕ ಬೇರೆ. ಒಬ್ಬ ನಿಂತರೆ ಗುಂಪು ನಿಲ್ಲುತ್ತದೆ. ಗುಂಪು ನಿಂತರೆ ಬೆಳಕು ಹರಿಯುತ್ತದೆ, ಊರಿಗೆಲ್ಲ ಗೊತ್ತಾಗುತ್ತದೆ.

ರಾತ್ರಿ ಎಲ್ಲಿ ಕತ್ತಲಾಯಿತೋ ಅಲ್ಲೇ, ಮರದ ಬುಡವೋ ಕಣಿವೆಯೋ, ಎಲ್ಲರೂ ಒಟ್ಟು ಸೇರುತ್ತಿದ್ದರು. ಪ್ರತಿಯೊಬ್ಬನ ಕೈಯಲ್ಲೂ ಒಂದು ಊರುಗೋಲು ಇರುತ್ತಿತ್ತು. ಆ ಕೋಲುಗಳನ್ನೆಲ್ಲ ಸೇರಿಸಿ ಒಂದೇ ಕಟ್ಟಾಗಿ ಬಿಗಿದು ನಿಲ್ಲಿಸುತ್ತಿದ್ದರು. ಆ ಕಟ್ಟೇ ಅವರ ದೇವರು. ಯಾಕತೇಕುತ್ಲಿ ಅಂತ ಹೆಸರು. ಅದರ ಮುಂದೆ ಕಿವಿ ಚುಚ್ಚಿಕೊಂಡು ರಕ್ತ ಅರ್ಪಿಸುತ್ತಿದ್ದರು. ಹೊತ್ತುಕೊಂಡು ಹೋಗಲು ಬೇರೆ ವಿಗ್ರಹ ಬೇಕಿಲ್ಲ.  ಕೋಲು ಕಟ್ಟಿನಲ್ಲಿದ್ದ ಮೇಲೆ ನಡುರಾತ್ರಿ ಒಬ್ಬನೇ ಎದ್ದು ಹೊರಡುವುದೂ ಕಷ್ಟ. ಇದು ನನ್ನ ಊಹೆ, ಪುಸ್ತಕದ ಮಾತಲ್ಲ.

ದಾರಿಯಲ್ಲಿ ಒಂದು ಹಕ್ಕಿಗೆ ತುಂಬಾ ಹೆದರುತ್ತಿದ್ದರು. ಅದು ನಗುವ ಹಾಗೆ ಕೂಗುವ ಒಂದು ಜಾತಿಯ ಡೇಗೆ. ಒಂದು ರೀತಿ ಕೂಗಿದರೆ ಶುಭ, ಗಹಗಹಿಸಿ ನಕ್ಕರೆ ಕೆಟ್ಟದ್ದು. ಯಾರಿಗೋ ಜ್ವರ, ಯಾರಿಗೋ ಸಾವು, ಇಲ್ಲ ಶತ್ರುಗಳ ಕೈಗೆ ಸಿಕ್ಕಿಬೀಳುವುದು. ಆಗ ಎಲ್ಲರ ಎದೆ ಒಡೆಯುತ್ತದೆ. ಮುಂದೆ ನಡೆಯುವ ನಾಯಕ ನಿಂತು ಧೈರ್ಯ ಹೇಳಬೇಕು. ಅಳಬೇಡಿ, ಬಂದದ್ದು ಬರಲಿ, ಹೊರಡುವಾಗಲೇ ಇದನ್ನು ತಿಳಿದು ಬಂದವರಲ್ಲವೇ ಅನ್ನುವ ಅರ್ಥದ ಮಾತು. ಏನೂ ಆಗುವುದಿಲ್ಲ ಅಂತ ಅವನು ಸುಳ್ಳು ಹೇಳುವುದಿಲ್ಲ, ನೋಡಿ. ಅವತ್ತು ರಾತ್ರಿ ಇನ್ನೂ ಒತ್ತಾಗಿ ಮಲಗುತ್ತಿದ್ದರು.

ಜೊತೆಗಾರ ಕಾಯಿಲೆ ಬಿದ್ದು ದಾರಿಯಲ್ಲೇ ಸತ್ತರೆ ಹೂಳುತ್ತಿರಲಿಲ್ಲ. ಮುಖಕ್ಕೆ ಬಣ್ಣ ಬಳಿದು, ಕಾಗದದ ಪಟ್ಟಿಗಳಿಂದ ಸಿಂಗರಿಸಿ, ಹೊರೆ ಹೊರುವ ಚೌಕಟ್ಟಿಗೇ ಕಟ್ಟಿ, ಬೆಟ್ಟದ ತುದಿಗೆ ಹೊತ್ತೊಯ್ದು ಕಂಬಕ್ಕೆ ಒರಗಿಸಿ ನಿಲ್ಲಿಸುತ್ತಿದ್ದರು. ಅವನು ಸೂರ್ಯನ ಲೋಕಕ್ಕೆ ಹೋದ, ಯುದ್ಧದಲ್ಲಿ ಸತ್ತವನಿಗೆ ಸಮ ಅಂತ ನಂಬಿಕೆ. ಸುದ್ದಿ ಊರಿಗೆ ಮುಟ್ಟಿದ ಮೇಲೆ ಮನೆಯವರು ತಲೆ ತೊಳೆಯಬಹುದಿತ್ತು.

ಅತೀ ಅಪಾಯದ ಕೆಲಸ ವೇಷ ಹಾಕಿಕೊಂಡು ಹೋಗುವವರದು. ಮೆಕ್ಸಿಕೋದ ದಕ್ಷಿಣ ತುದಿಯ, ಈಗಿನ ಚಿಯಾಪಾಸ್ ಪ್ರದೇಶದ ತ್ಸಿನಾಕಾನ್ತ್ಲಾನ್ ಆಗ ಅಜ್ಟೆಕರ ಕೈಗೆ ಬಂದಿರಲಿಲ್ಲ. ಅಂಬರು, ಅಂದರೆ ಮರದ ಅಂಟು ಕಲ್ಲಿನ ಹಾಗೆ ಗಟ್ಟಿಯಾದದ್ದು, ಸಿಗುತ್ತಿದ್ದುದು ಅಲ್ಲಿ. ಇವರು ಅಲ್ಲಿಯವರ ಹಾಗೆ ಕೂದಲು ಕತ್ತರಿಸಿ, ಅಲ್ಲಿಯವರ ಬಟ್ಟೆ ತೊಟ್ಟು, ಅವರ ಭಾಷೆ ಕಲಿತು ಒಳಗೆ ನುಗ್ಗುತ್ತಿದ್ದರು. ಒಬ್ಬ ಬಾಯಿ ತಪ್ಪಿ ಮಾತಾಡಿದರೆ ಎಲ್ಲರಿಗೂ ಕುತ್ತು. ಗುರುತು ಬಯಲಾದವರನ್ನು ಹೊಂಚು ಹಾಕಿ ಕೊಂದು, ಮೆಣಸಿನಕಾಯಿ ಸಾರಿನ ಜೊತೆ ಬಡಿಸುತ್ತಿದ್ದರು ಅಂತ ಸಹಗುನನಿಗೆ ಇದನ್ನೆಲ್ಲ ಹೇಳಿದ ಹಿರಿಯರು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. (ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರೂ ಮೆಕ್ಸಿಕೋ ಕಡೆಯವರೇ. ಅದನ್ನು ಓದಿದ ದಿನ ರಾತ್ರಿ ಮೆಣಸಿನಕಾಯಿ ಚಟ್ನಿ ಗಂಟಲಲ್ಲಿ ಇಳಿಯಲಿಲ್ಲ.)

ಹಾಗಂತ ಇವರೇನು ಪಾಪದ ಜನ ಅಂದುಕೊಳ್ಳಬೇಡಿ. ಕಣ್ಣಿಗೆ ಬಿದ್ದದ್ದನ್ನೆಲ್ಲ ರಾಜನಿಗೆ ಬಂದು ವರದಿ ಮಾಡುತ್ತಿದ್ದರು. ಮುಂದೆ ಸೈನ್ಯ ಅದೇ ದಾರಿಯಲ್ಲಿ ಹೋಗುತ್ತಿತ್ತು. ವ್ಯಾಪಾರಿಯನ್ನು ಕೊಂದರು ಅನ್ನುವುದೇ ಯುದ್ಧಕ್ಕೆ ನೆಪ. ಗುಲಾಮರನ್ನು ಮಾರುವವರೂ ಇವರಲ್ಲೇ ಇದ್ದರು, ಭಾರೀ ಶ್ರೀಮಂತರು. ಇವರು ಹೋಗುತ್ತಿದ್ದ ಊರುಗಳವರು ಇವರನ್ನು ಕಂಡರೆ ಯಾಕೆ ಉರಿದುಬೀಳುತ್ತಿದ್ದರು ಅನ್ನುವುದು ನನಗೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಆ ಸಿಟ್ಟು ಒಮ್ಮೆ ದೊಡ್ಡ ಕಾದಾಟವೇ ಆಯಿತು. ಕ್ವಾವ್ತೆನಾಂಕೊ ಅನ್ನುವ ಜಾಗದ ಆ ಮುತ್ತಿಗೆ ಅಹುಇತ್ಸೋತ್ಲ್ ಆಳುತ್ತಿದ್ದ ಕಾಲದ್ದು. ಅವನ ಆಳ್ವಿಕೆ 1486ರಿಂದ 1502. ದಕ್ಷಿಣದ ತೀರಕ್ಕೆ ಹೋಗಿದ್ದ ವ್ಯಾಪಾರಿಗಳನ್ನು ಅಲ್ಲಿಯವರು ಸುತ್ತುಗಟ್ಟಿದರು. ತೆಹುಆಂತೆಪೆಕ್, ಮಾಪಾಚ್ತೆಪೆಕ್ ಅಂತ ಎದುರು ನಿಂತ ಊರುಗಳ ಪಟ್ಟಿಯೇ ಇದೆ. ನಾಲ್ಕು ವರ್ಷ! ರಾಜನ ಸೈನ್ಯ ಎಲ್ಲೋ ದೂರದಲ್ಲಿ. ಈ ವ್ಯಾಪಾರಿಗಳೇ ಕಾದಾಡಿದರು, ಎದುರಿನವರ ಸೈನಿಕರನ್ನು ಹಿಡಿದರು, ಅವರ ಗರಿಯ ಲಾಂಛನಗಳನ್ನು ಕಿತ್ತುಕೊಂಡು ತಾವೇ ತೊಟ್ಟರು. ರಾಜ ಸಹಾಯಕ್ಕೆ ಅಂತ ಕೊನೆಗೆ ಒಬ್ಬ ಸೇನಾಪತಿಯನ್ನು ಕಳಿಸಿದ. ಅವನ ಹೆಸರು ಮೊತೆಕುಸೋಮ. ಮುಂದೆ 1519ರಲ್ಲಿ ಕೊರ್ಟೆಸ್ ಬಂದಾಗ ರಾಜನಾಗಿದ್ದವನು ಅವನೇ. ಅರ್ಧ ದಾರಿಯಲ್ಲಿ ಅವನಿಗೆ ಈ ವ್ಯಾಪಾರಿಗಳು ಎದುರಾದರು. ಕೆಲಸ ಮುಗಿದಿದೆ, ನೀವು ಮುಂದೆ ಹೋಗುವುದು ಬೇಡ ಅಂದರು. ಸರ್ಕಾರದ ಸಹಾಯ ಯಾವ ಕಾಲದಲ್ಲೂ ಇಷ್ಟೇ ಅಂತ ಒಂದು ಗಳಿಗೆ ನಗು ಬಂತು.

ಊರಿಗೆ ಬಂದಾಗ ಅವರ ಕೂದಲು ಸೊಂಟದವರೆಗೆ ಇಳಿದಿತ್ತು. ರಾಜ ಅವರನ್ನು ಮಾವಂದಿರೇ ಅಂತ ಕರೆದ, ತುಂಬಾ ದಣಿದಿದ್ದೀರಿ ಅಂದ. ಒಳ್ಳೆಯ ಹೊದಿಕೆ ಹೊದಿಸಿದ. ತುಟಿಗೆ ಹಾಕುವ ಅಂಬರಿನ ಆಭರಣ ತೊಡುವ ಹಕ್ಕು ಕೊಟ್ಟ. ಆದರೆ ದೊಡ್ಡ ಹಬ್ಬದ ದಿನ ಮಾತ್ರ! ಗೆದ್ದ ಆ ಸೀಮೆ ಕೊನೆಗೆ ರಾಜ್ಯಕ್ಕೆ ಕಪ್ಪ ಕಟ್ಟಿತು. ಸ್ಪೇನಿನವರ ಕಾಲದಲ್ಲಿ ತಯಾರಾದ ಮೆಂಡೋಸಾ ಹಸ್ತಪ್ರತಿ ಅನ್ನುವ ಚಿತ್ರಪುಸ್ತಕದಲ್ಲಿ ಅದರ ಲೆಕ್ಕ ಇದೆ. 200 ಹೊರೆ ಕೋಕೋ, 40 ಜಾಗ್ವಾರ್ ಚರ್ಮ, ಇಟ್ಟಿಗೆ ಗಾತ್ರದ ಅಂಬರಿನ ತುಂಡು.

ಹಬ್ಬದ ದಿನ ಮಾತ್ರ ಅನ್ನುವ ಆ ಷರತ್ತು ಸಣ್ಣದಲ್ಲ. ಅಜ್ಟೆಕರಲ್ಲಿ ಮೆರೆಯುವ ಹಕ್ಕು ಹುಟ್ಟಿನಿಂದ ದೊಡ್ಡವರಾದವರಿಗೆ ಮತ್ತು ಯೋಧರಿಗೆ. ವ್ಯಾಪಾರಿ ಮೆರೆದರೆ ರಾಜನಿಗೆ ಸಹಿಸುತ್ತಿರಲಿಲ್ಲ. ಯಾರಿಗಾದರೂ ಸೊಕ್ಕು ಬಂದಿದೆ ಅನ್ನಿಸಿದರೆ ಸುಳ್ಳು ಆರೋಪ ಹೊರಿಸಿ ಕೊಲ್ಲಿಸುತ್ತಿದ್ದ, ಅವನ ಸಂಪತ್ತನ್ನು ಯೋಧರಿಗೆ ಹಂಚುತ್ತಿದ್ದ ಅಂತ ಅದೇ ಪುಸ್ತಕದಲ್ಲಿದೆ. ತ್ಸಿನಾಕಾನ್ತ್ಲಾನ್‌ನಲ್ಲಿ ವೇಷ ಹಾಕಿ ಬದುಕಿ ಬಂದವನಿಗೆ ಊರಿನಲ್ಲೂ ವೇಷ ತಪ್ಪಿದ್ದಲ್ಲ.

ಅದಕ್ಕೇ ಹರಕಲು ಕತ್ತಾಳೆ ನಾರಿನ ಹೊದಿಕೆ ಹೊದ್ದು, ತಲೆ ತಗ್ಗಿಸಿ, ದಾರಿಯ ಬದಿಯಲ್ಲಿ ನಡೆಯುತ್ತಿದ್ದರು. ಊರಿಗೆ ವಾಪಸ್ ಬರುವುದೂ ರಾತ್ರಿಯೇ, ದೋಣಿಗೆ ಹೊದಿಕೆ ಮುಚ್ಚಿ. ಮಾಲು ಸ್ವಂತ ಮನೆಗೆ ಹೋಗುತ್ತಿರಲಿಲ್ಲ. ಮಾವನ ಮನೆಗೋ ಅಕ್ಕನ ಮನೆಗೋ ಇಳಿಸಿ, ಬೆಳಗಾಗುವುದರೊಳಗೆ ದೋಣಿ ಮಾಯ. ಕೇಳಿದರೆ ನನ್ನದಲ್ಲ, ನಮ್ಮ ಹಿರಿಯರದು, ನಾನು ಕಾವಲಿಗೆ ಇದ್ದೇನೆ ಅನ್ನುತ್ತಿದ್ದರು. ಮಾಲು ಇಟ್ಟುಕೊಂಡ ಮನೆಯವರೂ ಬಾಯಿ ಬಿಡುವ ಹಾಗಿಲ್ಲ.

ಆಮೇಲೆ ಕಾಲು ತೊಳೆಯುವ ಶಾಸ್ತ್ರ, ಊಟ. ಮುದುಕರೆಲ್ಲ ಬಂದು ಕೂರುತ್ತಾರೆ. ಚೆನ್ನಾಗಿ ಬಂದೆಯಪ್ಪಾ ಅಂತ ಬೆನ್ನು ತಟ್ಟುತ್ತಾರೆ ಅಂದುಕೊಂಡಿರಾ? ಬೈಯುತ್ತಾರೆ. ಈ ಮಾಲು ಎಲ್ಲಿಂದ ತಂದೆ, ಕದ್ದೆಯಾ, ಯಾರದಾದರೂ ಮುಳುಗಿಸಿದೆಯಾ ಅಂತ ಎಲ್ಲರೆದುರೇ ಕೇಳುತ್ತಾರೆ. ಅವನು ತಲೆ ಬಗ್ಗಿಸಿ ಕೇಳಿಸಿಕೊಳ್ಳಬೇಕು, ಎದುರು ಮಾತಾಡುವ ಹಾಗಿಲ್ಲ. ಅಳುವವರೂ ಇದ್ದರು. ಸೊಕ್ಕು ಬಂದು ಅರಮನೆಯ ಕಣ್ಣಿಗೆ ಬೀಳುವ ಬದಲು ನಮ್ಮ ಕೈಯಲ್ಲೇ ಬೈಸಿಕೊಳ್ಳಲಿ ಅನ್ನುವ ಲೆಕ್ಕ ಇದರ ಹಿಂದೆ ಇತ್ತು ಅಂತ ನನಗೆ ಅನ್ನಿಸುತ್ತದೆ. ಬೈದದ್ದೆಲ್ಲ ಮುಗಿದ ಮೇಲೆ ಅದೇ ಮುದುಕರು ಅವನ ಮನೆಯ ಕೋಕೋ ಕುಡಿದು ಹೋಗುತ್ತಿದ್ದರು.