ಡೆರಿವೇಟಿವ್ ತೆಗೆದಿರಿ ಸರಿ, ಅದರ ಯೂನಿಟ್ ಏನು?

ಗಣಿತ ಮೇಜರ್ ಅಲ್ಲದವರಿಗೆ ಕ್ಯಾಲ್ಕುಲಸ್ ಪಾಠ ಮಾಡುವುದು ನನ್ನ ಕೆಲಸ. ಒಂದೇ ಕ್ಲಾಸಿನಲ್ಲಿ ಬಯಾಲಜಿ, ಕಾಮರ್ಸ್, ಎಕನಾಮಿಕ್ಸ್ ಓದುವವರೆಲ್ಲ ಕೂತಿರುತ್ತಾರೆ. ಹೆಚ್ಚಿನವರಿಗೆ ಗಣಿತದಲ್ಲಿ ಇದೇ ಕೊನೆಯ ಕೋರ್ಸ್. ‘ಈಗ ಸುಮ್ನೆ ಕಲಿತುಕೊಳ್ಳಿ, ಮುಂದಿನ ಕೋರ್ಸಿಗೆ ಬೇಕಾಗುತ್ತೆ’ ಎಂದು ಇವರಿಗೆ ಹೇಳುವ ಹಾಗಿಲ್ಲ. ಮುಂದಿನ ಕೋರ್ಸೇ ಇಲ್ಲವಲ್ಲ!

ಡೆರಿವೇಟಿವ್, ಅಂದರೆ ಒಂದು ಪ್ರಮಾಣ ಆ ಕ್ಷಣದಲ್ಲಿ ಬದಲಾಗುತ್ತಿರುವ ವೇಗ, ಅದನ್ನು ತೆಗೆಯುವುದು ಇವರಿಗೆ ಕಷ್ಟವೇ ಅಲ್ಲ. ಪವರ್ ರೂಲ್ ಎಂಬ ಸುಲಭ ಸೂತ್ರ ಹೇಳಿಕೊಟ್ಟರೆ ಅದೇ ದಿನ ಪಟಪಟ ಅಂತ ಲೆಕ್ಕ ಮಾಡುತ್ತಾರೆ. ಬಂದ ಉತ್ತರಕ್ಕೆ ಅರ್ಥ ಏನು ಎಂದು ಕೇಳಿದರೆ ಮಾತ್ರ ಎಲ್ಲರೂ ನೋಟ್‌ಬುಕ್ ನೋಡಲು ಶುರು ಮಾಡುತ್ತಾರೆ.

ಪ್ರತಿ ಬ್ಯಾಚಿಗೂ ನಾನು ಕೊಡುವ ಪ್ರಶ್ನೆ ಒಂದಿದೆ. 25 ಡಿಗ್ರಿ ಇರುವ ಕೋಣೆಯಲ್ಲಿ ಒಂದು ಲೋಟ ಬಿಸಿನೀರು ಇಟ್ಟಿದ್ದೇವೆ. ಹತ್ತನೇ ನಿಮಿಷದಲ್ಲಿ ನೀರು 65 ಡಿಗ್ರಿ ಇದೆ. ಆ ಹೊತ್ತಿನಲ್ಲಿ ಡೆರಿವೇಟಿವ್ ಮೈನಸ್ 1.6. ಇದನ್ನು ಒಂದೇ ವಾಕ್ಯದಲ್ಲಿ ವಿವರಿಸಿ. ‘ಡೆರಿವೇಟಿವ್’, ‘ಸ್ಲೋಪ್’ (ಗ್ರಾಫಿನ ಇಳಿಜಾರು) ಎಂಬ ಪದಗಳನ್ನು ಬಳಸಬಾರದು.

ಉತ್ತರಗಳು ನೋಡಬೇಕು. ‘ಹತ್ತು ನಿಮಿಷದಲ್ಲಿ 1.6 ಡಿಗ್ರಿ ಇಳಿದಿದೆ’ ಎಂದು ಒಬ್ಬರು. ‘ನೀರು ಮೈನಸ್ 1.6 ಡಿಗ್ರಿ ಇದೆ’ ಎಂದು ಇನ್ನೊಬ್ಬರು. ಅಂದರೆ ಬಿಸಿನೀರು ಹತ್ತೇ ನಿಮಿಷದಲ್ಲಿ ಮಂಜುಗಡ್ಡೆ! ಬರೆದವರು ದಡ್ಡರೇನಲ್ಲ. ಅವರ ಕೈಗೆ ಬಂದದ್ದು ಬರೀ ಸಂಖ್ಯೆ, ಅದು ಯಾವುದರ ಸಂಖ್ಯೆ ಎಂದು ಯಾರೂ ಕೇಳಿರುವುದಿಲ್ಲ ಅಷ್ಟೇ.

ಅದಕ್ಕೇ ನಾನು ಮೊದಲು ಯೂನಿಟ್ ಬರೆಸುತ್ತೇನೆ. ಮೇಲೆ ಡಿಗ್ರಿ, ಕೆಳಗೆ ನಿಮಿಷ. ನಿಮಿಷಕ್ಕೆ ಇಷ್ಟು ಡಿಗ್ರಿ. ಇಷ್ಟು ಬರೆದ ಮೇಲೆ ವಾಕ್ಯ ಹೆಚ್ಚುಕಮ್ಮಿ ತಾನಾಗಿಯೇ ಬರುತ್ತದೆ: ‘ಹತ್ತನೇ ನಿಮಿಷದ ಹೊತ್ತಿಗೆ ನೀರು ನಿಮಿಷಕ್ಕೆ 1.6 ಡಿಗ್ರಿಯಂತೆ ಆರುತ್ತಿದೆ.’ ಹಾಗಾದರೆ ಹನ್ನೊಂದನೇ ನಿಮಿಷದಲ್ಲಿ? ಸುಮಾರು 63.4. ಇನ್ನೂ ಅರ್ಧ ಗಂಟೆ ಬಿಟ್ಟರೆ? ಯಾರಾದರೂ ಥಟ್ಟನೆ 1.6ನ್ನು 30ರಿಂದ ಗುಣಿಸಿ 48 ಕಳೆದು, 17 ಡಿಗ್ರಿ ಎನ್ನುತ್ತಾರೆ. ಹಿಂದಿನಿಂದ ಒಂದು ದನಿ ಬರುತ್ತದೆ: ‘ಸರ್, ಕೋಣೆಯೇ 25 ಡಿಗ್ರಿ ಇದೆ. ನೀರು ಅದಕ್ಕಿಂತ ತಣ್ಣಗೆ ಹೇಗಾಗುತ್ತೆ?’ ಅಲ್ವಾ? ನೀರು ಕೋಣೆಯ ಉಷ್ಣತೆಗೆ ಹತ್ತಿರವಾದಷ್ಟೂ ಆರುವ ವೇಗ ಕಮ್ಮಿಯಾಗುತ್ತದೆ. 1.6 ಎನ್ನುವುದು ಆ ಕ್ಷಣದ ಮಾತು, ಅದರ ಆಸುಪಾಸಿಗೆ ಮಾತ್ರ ನಂಬಬಹುದು. ಡೆರಿವೇಟಿವ್ ಬಗ್ಗೆ ನಾನು ಒಂದು ಗಂಟೆ ಭಾಷಣ ಮಾಡಿದರೂ ಇದು ಇಷ್ಟು ಚೆನ್ನಾಗಿ ತಲೆಗೆ ಹೋಗುವುದಿಲ್ಲ.

ಈ ಕಾರಣಕ್ಕೇ ಡೆರಿವೇಟಿವ್ ಬರೆಯಲು ನನಗೆ ‘ಎಫ್ ಪ್ರೈಮ್’ ಎಂಬ ಗುರುತಿಗಿಂತ, ಕ್ಯಾಲ್ಕುಲಸ್ ಕಟ್ಟಿದವರಲ್ಲಿ ಒಬ್ಬನಾದ ಲೈಬ್ನಿಟ್ಸ್‌ನ ‘ಡಿವೈ ಬೈ ಡಿಎಕ್ಸ್’ ಇಷ್ಟ. ಯೂನಿಟ್ ಏನೆಂದು ಬರವಣಿಗೆಯಲ್ಲೇ ಕಾಣುತ್ತದೆ. ಬಯಾಲಜಿಯವರಿಗೆ ರಕ್ತದಲ್ಲಿನ ಔಷಧದ ಪ್ರಮಾಣ ಗಂಟೆಗೆ ಎಷ್ಟು ಇಳಿಯುತ್ತಿದೆ ಎಂಬುದು ಇದೇ. ಕಾಮರ್ಸಿನವರ ಮಾರ್ಜಿನಲ್ ಕಾಸ್ಟ್, ಅಂದರೆ ಇನ್ನೊಂದು ವಸ್ತು ತಯಾರಿಸಲು ಸುಮಾರು ಎಷ್ಟು ಖರ್ಚು ಎಂಬುದೂ ಇದೇ.

ಎಕನಾಮಿಕ್ಸಿನವರಿಗೆ ನಿಕ್ಸನ್ ಉದಾಹರಣೆ ಕೊಡುತ್ತೇನೆ. ಅಮೆರಿಕದ ಅಧ್ಯಕ್ಷರಾಗಿದ್ದಾಗ, 1972ರಲ್ಲಿ, ಹಣದುಬ್ಬರ ಏರುವ ವೇಗ ಕಡಿಮೆಯಾಗುತ್ತಿದೆ ಎಂದು ಅವರು ಹೇಳಿದ್ದನ್ನು ಗಣಿತದವರು ಈಗಲೂ ನೆನೆಸಿಕೊಂಡು ನಗುತ್ತಾರೆ. ಬೆಲೆ ಏರುವ ವೇಗವೇ ಹಣದುಬ್ಬರ, ಅದು ಮೊದಲನೇ ಡೆರಿವೇಟಿವ್. ಹಣದುಬ್ಬರ ಏರುವ ವೇಗ ಎರಡನೆಯದು. ಆ ವೇಗ ತಗ್ಗುತ್ತಿದೆ ಎಂದರೆ ಮೂರನೆಯದು. ಹಾಗಾದರೆ ಬೆಲೆ ಇಳಿಯಿತೇ? ಇಲ್ಲ, ಏರುತ್ತಲೇ ಇದೆ. ಹಣದುಬ್ಬರವೂ ಏರುತ್ತಲೇ ಇದೆ! ಪೇಪರ್ ಓದುವ ಯಾರಿಗಾದರೂ ಉಪಯೋಗಕ್ಕೆ ಬರುವ ಕ್ಯಾಲ್ಕುಲಸ್ ಇದು.

ಲಿಮಿಟ್‌ನಿಂದ ಶುರು ಮಾಡದೆ ವೇಗದಿಂದ ಶುರು ಮಾಡಿದರೆ ಹೇಗೆ ಎಂದು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸುತ್ತಾರೆ. ಒಂದು ಸಂಖ್ಯೆಗೆ ಎಷ್ಟು ಬೇಕಾದರೂ ಹತ್ತಿರ ಹೋಗುವ ಲೆಕ್ಕವೇ ಲಿಮಿಟ್, ಡೆರಿವೇಟಿವ್ ಎಂದರೇನು ಎಂಬುದನ್ನು ಕಟ್ಟುನಿಟ್ಟಾಗಿ ಹೇಳಲು ಅದು ಬೇಕು. ಆದರೆ ಚರಿತ್ರೆ ನೋಡಿ. ಲೈಬ್ನಿಟ್ಸ್ ಕ್ಯಾಲ್ಕುಲಸ್ ಬಗ್ಗೆ ಮೊದಲ ಲೇಖನ ಪ್ರಕಟಿಸಿದ್ದು 1684ರಲ್ಲಿ. ಫ್ರೆಂಚ್ ಗಣಿತಜ್ಞ ಕೋಶಿ ಲಿಮಿಟ್ ಅನ್ನು ಬುನಾದಿಯಾಗಿಟ್ಟು ಪಾಠದ ಪುಸ್ತಕ ಬರೆದದ್ದು 1821ರಲ್ಲಿ. ನಡುವಿನ 130ಕ್ಕೂ ಜಾಸ್ತಿ ವರ್ಷ ದೊಡ್ಡ ದೊಡ್ಡವರೇ ಗಟ್ಟಿ ಬುನಾದಿ ಇಲ್ಲದೆ ಲೆಕ್ಕ ಮಾಡಿದರು. ಗಣಿತ ಮೇಜರ್‌ಗಳಿಗೆ ಎಪ್ಸಿಲಾನ್ ಡೆಲ್ಟಾ, ಅಂದರೆ ಲಿಮಿಟ್‌ನ ಕಟ್ಟುನಿಟ್ಟಿನ ವ್ಯಾಖ್ಯೆ, ಬೇಕೇ ಬೇಕು. ಈ ಕ್ಲಾಸಿಗೆ ಬೇಡ ಎಂಬುದು ನನ್ನ ಅಭಿಪ್ರಾಯ.

ಇನ್ನು ಆಲ್ಜೀಬ್ರಾ. ನಿಜವಾದ ತಲೆನೋವು ಇದು. ಉತ್ತರಪತ್ರಿಕೆಯಲ್ಲಿ ಕೆಂಪು ಗೆರೆ ಬೀಳುವ ಕಡೆಗಳಲ್ಲಿ ಕ್ಯಾಲ್ಕುಲಸ್ ತಪ್ಪು ಕಮ್ಮಿ, ಆಲ್ಜೀಬ್ರಾ ತಪ್ಪೇ ಜಾಸ್ತಿ. ಫಂಕ್ಷನ್ ಎಕ್ಸ್ ಸ್ಕ್ವೇರ್ ಆಗಿದ್ದರೆ ಎಕ್ಸ್ ಬದಲು ‘ಎಕ್ಸ್ ಪ್ಲಸ್ ಎಚ್’ ಹಾಕಿದಾಗ ಎಷ್ಟು ಎಂದರೆ, ‘ಎಕ್ಸ್ ಸ್ಕ್ವೇರ್ ಪ್ಲಸ್ ಎಚ್’ ಎಂದು ಬರೆದಿರುತ್ತಾರೆ. ಎಕ್ಸ್ ಜಾಗದಲ್ಲಿ 3, ಎಚ್ ಜಾಗದಲ್ಲಿ 1 ಹಾಕಿ ನೋಡಿ ಎನ್ನುತ್ತೇನೆ. 4ರ ವರ್ಗ 16, ಅವರ ಸೂತ್ರದಲ್ಲಿ 10. ತಪ್ಪು ಅವರಿಗೇ ಕಾಣುತ್ತದೆ. ಮೊದಲ ಎರಡು ವಾರ ಆಲ್ಜೀಬ್ರಾ ರಿವಿಷನ್ ಎಂದು ಇಡುವುದರಲ್ಲಿ ನನಗೆ ನಂಬಿಕೆ ಇಲ್ಲ. ಬಂದವರಿಗೆ ಬೇಜಾರು, ಬೇಕಾದವರು ಬರುವುದಿಲ್ಲ. ಎಲ್ಲಿ ಎಡವುತ್ತಾರೋ ಅಲ್ಲೇ ನಿಲ್ಲಿಸಿ ಹೇಳಿಕೊಡುವುದು ವಾಸಿ.

ಇಂಟಿಗ್ರಲ್‌ಗೆ ಬರುವಷ್ಟರಲ್ಲಿ ಯೂನಿಟ್ ಅಭ್ಯಾಸವಾಗಿರುತ್ತದೆ. ಇಂಟಿಗ್ರಲ್ ಎಂದರೆ ಗ್ರಾಫಿನ ಕೆಳಗಿನ ವಿಸ್ತೀರ್ಣ. ನಿಮಿಷಕ್ಕೆ ಇಷ್ಟು ಲೀಟರ್ ಎಂಬ ಗ್ರಾಫಿನ ಕೆಳಗಿನ ವಿಸ್ತೀರ್ಣ ಲೀಟರಿನಲ್ಲಿ ಬರುತ್ತದೆ ಎಂದಾಗ ಮೊದಲು ನಂಬುವುದಿಲ್ಲ. ವಿಸ್ತೀರ್ಣ ಎಂದರೆ ಚದರ ಸೆಂಟಿಮೀಟರ್ ಅಲ್ವಾ ಎನ್ನುತ್ತಾರೆ. ಎತ್ತರವನ್ನು ಅಗಲದಿಂದ ಗುಣಿಸಿ ಎಂದರೆ ನಿಮಿಷ ನಿಮಿಷಕ್ಕೆ ಹೊಡೆದುಹೋಗಿ ಲೀಟರ್ ಉಳಿಯುತ್ತದೆ.

ಇದಕ್ಕೆಲ್ಲ ಸಮಯ ಬೇಕು. ಇಂಟಿಗ್ರಲ್ ತೆಗೆಯುವ ಒಂದು ವಿಧಾನವಾದ ಟ್ರಿಗ್ನಾಮೆಟ್ರಿಕ್ ಸಬ್‌ಸ್ಟಿಟ್ಯೂಷನ್ ಪೂರ್ತಿ ಕೈಬಿಟ್ಟೆ, ಯಾರೂ ಕೇಳಲಿಲ್ಲ. ಪರೀಕ್ಷೆಯಲ್ಲಿ ಯೂನಿಟ್‌ಗೆ ಒಂದು ಅಂಕ, ವಾಕ್ಯಕ್ಕೆ ಎರಡು ಅಂಕ ಇಟ್ಟಿದ್ದೇನೆ. ಅಂಕ ಇಡದಿದ್ದರೆ ಯಾರೂ ಬರೆಯುವುದಿಲ್ಲ. ವಾಕ್ಯಗಳನ್ನು ಓದಿ ತಿದ್ದಲು ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ, ಅದಕ್ಕೆ ಉಪಾಯ ಇನ್ನೂ ಸಿಕ್ಕಿಲ್ಲ.