ಪೇಪರ್ ಟವೆಲ್ ಇದ್ದ ಜಾಗಕ್ಕೆ ಹಳೆಯ ಬಟ್ಟೆ

ಪೇಪರ್ ಟವೆಲ್ಲನ್ನು ಬಿಟ್ಟು ಹಳೆಯ ಬಟ್ಟೆ ಬಳಸುತ್ತೇನೆ ಎಂದರೆ ಅದನ್ನು ತ್ಯಾಗವೆಂದೋ ಜಿಪುಣತನವೆಂದೋ ತಿಳಿಯುವವರೇ ಹೆಚ್ಚು. ನನ್ನ ಮಟ್ಟಿಗೆ ಅದು ಎರಡೂ ಅಲ್ಲ. ಚೆಲ್ಲಿದ ನೀರನ್ನು ಹೀರುವುದರಲ್ಲಿ, ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆ ಕಾಗದಕ್ಕಿಂತ ಒಂದು ಕೈ ಮೇಲು. ಹೊಸ ಬಟ್ಟೆಯಲ್ಲಿ ಗಂಜಿಯ ಅಂಶವೋ ಮೆರುಗಿಗೆ ಹಚ್ಚಿದ ಲೇಪವೋ ಉಳಿದಿದ್ದರೆ ನೀರು ಬೇಗ ಒಳಗಿಳಿಯುವುದಿಲ್ಲ. ಒಗೆತದಲ್ಲಿ ಅದೆಲ್ಲ ಕಳೆದುಹೋಗುವುದರಿಂದ, ಉಡಲು ಬಾರದಷ್ಟು ಸವೆದ ಬಟ್ಟೆಯೇ ಒರೆಸಲು ಹೇಳಿಮಾಡಿಸಿದಂತಿರುತ್ತದೆ.

ಆದರೆ ಎಲ್ಲ ಹಳೆಯ ಬಟ್ಟೆಯೂ ಆಗುವುದಿಲ್ಲ. ಪಾಲಿಯೆಸ್ಟರ್ ನಾರು ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲವೆನ್ನುವಷ್ಟು ಕಡಿಮೆ. ಅನುಮಾನವಿದ್ದರೆ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಬೇಕು: ಹನಿ ಕೂಡಲೇ ಹರಡಿ ಇಂಗಿದರೆ ಸರಿ, ಗುಂಡಗೆ ನಿಂತರೆ ಆ ಬಟ್ಟೆ ಈ ಕೆಲಸಕ್ಕಲ್ಲ. ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್ನರ್ ಹಾಕಿದರೆ ಅದು ನಾರಿನ ಮೇಲೆ ಜಿಡ್ಡಿನ ಪದರವಾಗಿ ಕುಳಿತು ಒಳ್ಳೆಯ ಹತ್ತಿಯನ್ನೂ ಕೆಡಿಸುತ್ತದೆ.

ಕತ್ತರಿಸುವುದಕ್ಕೆ ಹೊಲಿಗೆ ಯಂತ್ರವೇನೂ ಬೇಡ. ಬೆಡ್‌ಶೀಟಿನ ಅಂಚಿಗೆ ಕತ್ತರಿಯಿಂದ ಚಿಕ್ಕದೊಂದು ಕಚ್ಚು ಕೊಟ್ಟು ಎರಡೂ ಕೈಯಿಂದ ಎಳೆದರೆ, ಅದು ಎಳೆಯ ಗುಂಟ ಪರ್ರೆಂದು ನೇರವಾಗಿ ಹರಿಯುತ್ತದೆ. ಅಂಚಿನ ಎಳೆಗಳು ಮೊದಲ ಕೆಲವು ಒಗೆತಗಳಲ್ಲಿ ಒಂದಿಷ್ಟು ಬಿಚ್ಚಿಕೊಳ್ಳುತ್ತವೆ, ಅಷ್ಟೇ. ಟೀ ಶರ್ಟು, ಬನಿಯನ್ನುಗಳು ಹೆಣೆದ ಬಟ್ಟೆಗಳಾದ್ದರಿಂದ ಅಂಚು ಸುರುಳಿಯಾದೀತೇ ಹೊರತು ಎಳೆ ಬಿಡುವುದು ಕಡಿಮೆ. ಮೂಗು ಒರೆಸಿಕೊಳ್ಳಲು ಅವುಗಳಷ್ಟು ಮೃದುವಾದದ್ದು ಬೇರೆ ಇಲ್ಲ. (ಕ್ಲೀನೆಕ್ಸ್ ಎಂಬ ಹೆಸರಿನ ಟಿಶ್ಯೂ ಕಾಗದ ಕೂಡ 1924ರಲ್ಲಿ ಮಾರುಕಟ್ಟೆಗೆ ಬಂದದ್ದು ಮುಖಕ್ಕೆ ಹಚ್ಚಿದ ಕ್ರೀಮು ಒರೆಸಿಕೊಳ್ಳಲು, ಮೂಗಿಗೆ ಅದನ್ನು ಒಗ್ಗಿಸಿಕೊಂಡದ್ದು ಆಮೇಲೆ.) ಟರ್ಕಿ ಟವೆಲ್ಲಿನ ತುಂಡು ನೆಲದ ನೀರಿಗೆ ಒಳ್ಳೆಯದು, ಗಾಜಿಗೆ ಬೇಡ, ಜುಂಗು ಬಿಡುತ್ತದೆ.

ಈ ಅಭ್ಯಾಸ ಉಳಿಯುವುದೂ ಬಿಟ್ಟುಹೋಗುವುದೂ ಬಟ್ಟೆ ಎಲ್ಲಿರುತ್ತದೆ ಎಂಬುದರ ಮೇಲೆ. ಕಪಾಟಿನ ಒಳಗೆ ಮಡಿಸಿಟ್ಟರೆ ಕೈ ಕಾಗದದ ಕಡೆಗೇ ಹೋಗುತ್ತದೆ. ಆದ್ದರಿಂದ ಕಾಗದದ ಸುರುಳಿ ಇದ್ದ ಜಾಗದಲ್ಲೇ ಬುಟ್ಟಿಯೊಂದರಲ್ಲಿ ತುಂಡುಗಳು ಕಣ್ಣಿಗೆ ಕಾಣುವಂತಿರಬೇಕು. ಬಳಸಿದ್ದನ್ನು ಮುದ್ದೆ ಮಾಡಿ ಒದ್ದೆಯಾಗಿಯೇ ಬಿಟ್ಟರೆ ಸೂಕ್ಷ್ಮಾಣುಗಳು ಬೆಳೆದು ಮುಗ್ಗಲು ವಾಸನೆ ಬರುತ್ತದೆ, ಹಾಗಾಗಿ ಒಗೆಯುವ ದಿನದವರೆಗೂ ಹರವಿಡಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನಂತೂ ರಾಶಿ ಹಾಕಲೇಬಾರದು: ಆ ಎಣ್ಣೆ ಗಾಳಿಯೊಂದಿಗೆ ಬೆರೆತು ಒಣಗುವಾಗ ಶಾಖ ಹುಟ್ಟಿ, ಮುದ್ದೆಯೊಳಗೆ ಸೇರಿಕೊಂಡು, ತಾನಾಗಿಯೇ ಬೆಂಕಿ ಹತ್ತುವುದುಂಟು.

ಹಸಿ ಮಾಂಸದ ರಕ್ತಕ್ಕೆ, ಸಾಕುಪ್ರಾಣಿಯ ವಾಂತಿಗೆ ನಾನು ಈಗಲೂ ಕಾಗದವನ್ನೇ ಬಳಸುತ್ತೇನೆ. ಮಿಕ್ಕೆಡೆ ಅದರ ಅಗತ್ಯ ಕಾಣುವುದಿಲ್ಲ. ಒಮ್ಮೆ ಒರೆಸಿ ಎಸೆದ ಕಾಗದ ಕೊಳೆಯಾಗಿರುತ್ತದೆ, ಅದರ ನಾರೂ ಗಿಡ್ಡ, ಹೀಗಾಗಿ ಮರುಬಳಕೆಯ ಕಾಗದದ ಜೊತೆ ಅದನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಇದಕ್ಕೆಂದೇ ಅಂದವಾಗಿ ಹೊಲಿದು ಮಾರುವ ಹೊಸ ಬಟ್ಟೆಯ ಸೆಟ್ಟುಗಳನ್ನು ಕೊಳ್ಳುವುದು ಮಾತ್ರ ನನಗೆ ವಿಚಿತ್ರವಾಗಿ ತೋರುತ್ತದೆ, ಏಕೆಂದರೆ ಹತ್ತಿ ಬೆಳೆಯಲು ಬೇಕಾದ ನೀರು, ನೇಯ್ಗೆ, ಬಣ್ಣ ಎಲ್ಲವೂ ಹಳೆಯ ಬೆಡ್‌ಶೀಟಿನಲ್ಲಿ ಆಗಲೇ ಖರ್ಚಾಗಿ ಹೋಗಿವೆ.

ತೀರಾ ಜಾಳಾದ ಅಪ್ಪಟ ಹತ್ತಿಯ ತುಂಡು, ಎಣ್ಣೆ ರಾಸಾಯನಿಕ ತಾಗಿರದಿದ್ದರೆ, ಗೊಬ್ಬರದ ಗುಂಡಿಗೆ ಹೋಗಬಹುದು. ಆದರೆ ಹೊಲಿಗೆಯ ದಾರ ಸಾಮಾನ್ಯವಾಗಿ ಪಾಲಿಯೆಸ್ಟರಿನದಾಗಿರುವುದರಿಂದ ಹೊಲಿಗೆಯ ಅಂಚನ್ನು ಮೊದಲೇ ಕತ್ತರಿಸಿ ತೆಗೆಯಬೇಕು. ಇಲ್ಲದಿದ್ದರೆ ಬಟ್ಟೆಯೆಲ್ಲ ಕರಗಿದ ಮೇಲೂ ದಾರ ಮಾತ್ರ ಗೊಬ್ಬರದಲ್ಲಿ ಹಾಗೆಯೇ ಸಿಗುತ್ತದೆ.