ಬಂಡೆಯ ಮೇಲಿನ ಮಾತು

ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆಂದು ಊರ ಹೆಂಗಸರೊಡನೆ ಕುಳಿತು ವರ್ಷವೂ ಜೋಳದ ರೊಟ್ಟಿ ತಟ್ಟಿದ್ದೇನೆ, ಗದ್ದುಗೆಗೆ ಕೈಮುಗಿದು ಬಂದಿದ್ದೇನೆ. ಆದರೆ ಅದೇ ಬೆಟ್ಟದ ಬಂಡೆಯೊಂದರ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ ಎಂಬುದು, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಬಿ.ಎ. ಮೊದಲ ವರ್ಷದ ಇತಿಹಾಸ ಓದುವವರೆಗೆ ನನಗೆ ತಿಳಿದಿರಲಿಲ್ಲ.

ಪಿಯುಸಿ ಮುಗಿದ ವರ್ಷವೇ ಮದುವೆಯಾಗಿ ಗಂಗಾವತಿ ತಾಲ್ಲೂಕಿನ ಹಳ್ಳಿಗೆ ಬಂದವಳು ನಾನು. ಓದು ನಿನಗಲ್ಲ ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ನನಗೆ ನಾನೇ ಹೇಳಿಕೊಂಡಿದ್ದೆ. ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಬಂದಾಗಲೂ, ಪದವಿಯಿಲ್ಲದ ನನಗೆ ಅದು ಪಕ್ಕದ ಮನೆಯ ಮದುವೆಯ ಸುದ್ದಿಯಂತೆ ಕೇಳಿಸಿತು.

2024ರಲ್ಲಿ ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ ಸೇರಲು ಹೈನಿನ ಹಣ ಕೂಡಿಟ್ಟಿದ್ದೆ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ, ಬೆಳೆಗೆಂದು ನಿಂತಿದ್ದ ನೀರು ನದಿಗೆ ಹರಿದುಹೋಗತೊಡಗಿತು. ನಮ್ಮ ಗದ್ದೆಯಲ್ಲಿ ನಾಟಿ ಮುಗಿದು ಹದಿನೈದು ದಿನವೂ ಆಗಿರಲಿಲ್ಲ. ಆ ವಾರವೆಲ್ಲ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. 17ರಂದು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸಿದರೆಂಬ ಸುದ್ದಿ ಬರುವವರೆಗೆ ಯಾರಿಗೂ ಸರಿಯಾಗಿ ನಿದ್ದೆಯಿರಲಿಲ್ಲ. ಆ ನಡುವೆ ಒಂದು ದಿನ ನಾನು ಫೀ ಹಣವನ್ನು ತೆಗೆದು, ಗೊಬ್ಬರಕ್ಕಿರಲಿ ಎಂದು ಯಜಮಾನರ ಮುಂದಿಟ್ಟೆ. ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದ ಅತ್ತೆ ಅದನ್ನೆತ್ತಿ ತಮ್ಮ ಸಂಚಿಯೊಳಗೆ ಸೇರಿಸಿಕೊಂಡರು.

"ಗೊಬ್ಬರದ ಅಂಗಡ್ಯಾಗ ಉದ್ರಿ ಕೊಡ್ತಾರ. ಓದಾಕ ನಿನಗ ಯಾರು ಉದ್ರಿ ಕೊಡ್ತಾರಬೇ?"

ಹೆಬ್ಬೆಟ್ಟು ಒತ್ತುವ ಅವರಿಗೆ ನನ್ನ ಮೇಲಿದ್ದ ನಂಬಿಕೆ ನನಗೇ ಇರಲಿಲ್ಲ. ಧೈರ್ಯವೆಂದರೆ ಒಳಗಿನಿಂದ ತಾನಾಗಿಯೇ ಉಕ್ಕುವಂಥದ್ದು ಎಂದು ತಿಳಿದು ಅದಕ್ಕಾಗಿ ಹದಿನಾರು ವರ್ಷ ಕಾದಿದ್ದೆ. ಅದು ಬಂದದ್ದು ಸುಣ್ಣದ ಕಲೆ ಹತ್ತಿದ ಆ ಸಂಚಿಯಿಂದ. ಮರುವಾರವೇ ಪ್ರವೇಶ ಪಡೆದೆ.

ನಸುಕಿನ ನಾಲ್ಕಕ್ಕೆದ್ದು, ಒಲೆ ಹೊತ್ತಿಸುವ ಮುನ್ನ ಓದುತ್ತಿದ್ದೆ. ನಮ್ಮ ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರೇ ಇದ್ದುದರಿಂದ, ಬೇರೆಡೆಯ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನಿಂದಷ್ಟೇ ಕಾಣುವ ರಾಜ ಅವನೇ ಎಂಬುದು ದೃಢಪಟ್ಟಿತಂತೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿರುವುದೂ ಅದೇ ಕಿರುಶಾಸನದ ಪ್ರತಿಗಳು. ಅದರ ತಾತ್ಪರ್ಯವನ್ನು ಎರಡೆರಡು ಸಲ ಓದಿದೆ: ಇದು ದೊಡ್ಡವರಿಗೆ ಮಾತ್ರ ದಕ್ಕುವಂಥದ್ದಲ್ಲ, ಪ್ರಯತ್ನಪಟ್ಟರೆ ಸಣ್ಣವರೂ ಮಹತ್ತಾದ ಸ್ವರ್ಗವನ್ನು ಪಡೆಯಬಲ್ಲರು, ಆದ್ದರಿಂದ ಸಣ್ಣವರೂ ದೊಡ್ಡವರೂ ಶ್ರಮಿಸಲಿ. ಅವನು ಹೇಳುತ್ತಿದ್ದುದು ಧರ್ಮದ ವಿಷಯವೆಂದು ನನಗೆ ಗೊತ್ತು. ಆದರೂ ಎರಡು ಸಾವಿರ ವರ್ಷಗಳಿಗೂ ಹಿಂದೆ ನಮ್ಮ ನೆಲದ ಕಲ್ಲಿನ ಮೇಲೆ 'ಸಣ್ಣವರೂ' ಎಂದು ಬರೆಸಿದ್ದನ್ನು ಕಂಡು, ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕತ್ತಲಲ್ಲೇ ಕುಳಿತೆ.

ಈ ಜನವರಿಯ ಜಾತ್ರೆಗೆ ಹೋದಾಗ ಅತ್ತೆಯನ್ನು ಕೈಹಿಡಿದು ಆ ಬಂಡೆಯ ಬಳಿಗೆ ಕರೆದೊಯ್ದೆ. ಬ್ರಾಹ್ಮಿ ಲಿಪಿಯ ಮುಂದೆ ನಾವಿಬ್ಬರೂ ಅನಕ್ಷರಸ್ಥರೇ. ಏನು ಬರೆದಿದೆಯೆಂದು ಕೇಳಿದರು, ಹೇಳಿದೆ. ಕಣ್ಣು ಕಿರಿದು ಮಾಡಿ ಅಕ್ಷರಗಳನ್ನು ನೋಡುತ್ತ ನಿಂತವರು, ಮೆಟ್ಟಿಲಿಳಿಯುವಾಗ ಸಂಚಿಯನ್ನು ತಡವಿಕೊಂಡು ಕೇಳಿದರು: "ಮುಂದಿನ ವರ್ಷದ ಫೀ ಯಾವಾಗ ಕಟ್ಟೂದು?"